ಯಂತ್ರ ಸುಮ್ಮನಿರುವಲ್ಲಿ ಯಾರು ಮಾತನಾಡಬೇಕು?

(ಮಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜುಗಳ ಅಧ್ಯಾಪಕರು ಮತ್ತು ಸಾಫ್ಟ್‌ವೇರ್ ಕಂಪನಿಗಳ ತರಬೇತುದಾರರ ಮುಂದೆ ಆಡಿದ ಮಾತುಗಳ ಬರಹ ರೂಪ)

ಹೊಸದಾಗಿ ಕೆಲಸಕ್ಕೆ ಸೇರಿದ ಡೆವಲಪರ್ ಬರೆದ ಕೋಡ್‌ನಲ್ಲಿ ತಪ್ಪಿದ್ದರೆ ಅದು ಅವನಿಗೆ ಗೊತ್ತಾಗುವುದು ಹೇಗೆ? ಹೊಸಬರಿಗೆ ಕಲಿಸಲು ಉಪನ್ಯಾಸವೋ, ಜೊತೆಗಾರರು ಒಬ್ಬರಿಂದೊಬ್ಬರು ಕಲಿಯುವ ಪರಸ್ಪರ ಕಲಿಕೆಯೋ ಎಂಬ ಚರ್ಚೆಗೆ ಇಳಿಯುವ ಮೊದಲು ಈ ಪ್ರಶ್ನೆಯನ್ನು ಕೇಳಿಕೊಳ್ಳಿ. ಆವರಣ ಚಿಹ್ನೆಯೊಂದು ಬಿಟ್ಟುಹೋದರೆ, ಕೋಡನ್ನು ಯಂತ್ರದ ಭಾಷೆಗೆ ಬದಲಿಸುವ ಕಂಪೈಲರ್ ಹೇಳುತ್ತದೆ. ಬಡ್ಡಿಯ ಲೆಕ್ಕ ತಪ್ಪಿದರೆ, ಕೋಡನ್ನು ಪರೀಕ್ಷಿಸಲೆಂದೇ ಬರೆದ ಟೆಸ್ಟ್ ಹೇಳುತ್ತದೆ. ಆದರೆ ಬಳಕೆದಾರರ ಪಾಸ್‌ವರ್ಡನ್ನು ಕದ್ದವರು ನೇರವಾಗಿ ಓದಬಹುದಾದಂತೆ, ಇದ್ದ ಹಾಗೆಯೇ ಡೇಟಾಬೇಸಿನಲ್ಲಿ ಬರೆದಿಟ್ಟರೆ ಯಾರು ಹೇಳುತ್ತಾರೆ? ಪ್ರೋಗ್ರಾಂ ಸರಾಗವಾಗಿ ಓಡುತ್ತದೆ, ಲಾಗಿನ್ ಆಗುತ್ತದೆ, ಟೆಸ್ಟ್‌ಗಳೆಲ್ಲ ಹಸಿರು ತೋರಿಸುತ್ತವೆ. ಹಣದ ಮೊತ್ತವನ್ನು ಫ್ಲೋಟಿಂಗ್ ಪಾಯಿಂಟ್ ಸಂಖ್ಯೆಯಾಗಿ, ಅಂದರೆ ದಶಾಂಶವನ್ನು ಸರಿಸುಮಾರಾಗಿ ಮಾತ್ರ ಹಿಡಿದಿಡುವ ರೂಪದಲ್ಲಿ, ಇಟ್ಟುಕೊಂಡರೂ ಅಷ್ಟೇ. 0.1ಕ್ಕೆ 0.2 ಕೂಡಿಸಿದಾಗ 0.30000000000000004 ಬರುತ್ತದೆ ಎಂಬುದು ಯಾರಾದರೂ ಅಷ್ಟು ದಶಾಂಶಗಳನ್ನು ಅಚ್ಚು ಹಾಕಿಸಿ ನೋಡುವವರೆಗೆ ಹೊರಬೀಳುವುದಿಲ್ಲ. ಯಂತ್ರ ಸುಮ್ಮನಿರುತ್ತದೆ.

ನನ್ನ ನಿಲುವು ಇದರ ಮೇಲೆಯೇ ನಿಂತಿದೆ. ಸರಿ ಯಾವುದು, ತಪ್ಪು ಯಾವುದು ಎಂದು ಯಂತ್ರವೇ ತೋರಿಸಿಕೊಡುವ ವಿಷಯಗಳನ್ನು ಕಲಿಯುವವರಿಗೆ ಮತ್ತು ಅವರ ಜೊತೆಗಾರರಿಗೆ ಬಿಡಬಹುದು, ಬಿಡಲೇಬೇಕು. ಯಂತ್ರ ಬಾಯಿ ಬಿಡದ ವಿಷಯಗಳಿಗೆ ಬಲ್ಲವರು ಬೇಕು. ಆ ಬಲ್ಲವರ ಮಾತು ಯಾವ ಗಳಿಗೆಯಲ್ಲಿ ಬರಬೇಕು ಎಂಬುದು ಇನ್ನೊಂದು ಪ್ರಶ್ನೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಉಪನ್ಯಾಸದ ಮೇಲಿರುವ ದೂರನ್ನು ನೋಡೋಣ, ಏಕೆಂದರೆ ಅದು ಗಟ್ಟಿಯಾದ ದೂರು. ಮಣಿಪಾಲದಲ್ಲಿ 1957ರಿಂದ, ಸುರತ್ಕಲ್‌ನಲ್ಲಿ 1960ರಿಂದ ಎಂಜಿನಿಯರಿಂಗ್ ಪಾಠ ನಡೆದಿರುವ ನೆಲ ನಮ್ಮದು. ಒಬ್ಬರು ನಿಂತು ಹೇಳುವುದು, ಅರುವತ್ತು ಜನ ಕುಳಿತು ಬರೆದುಕೊಳ್ಳುವುದು ನಮಗೆ ರೂಢಿಯಾಗಿಬಿಟ್ಟಿದೆ. 2014ರಲ್ಲಿ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು ವಿಜ್ಞಾನ, ಎಂಜಿನಿಯರಿಂಗ್ ಮತ್ತು ಗಣಿತ ತರಗತಿಗಳ ಮೇಲೆ ನಡೆದ 225 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಲೆಕ್ಕ ಹಾಕಿದರು. ಬರೀ ಉಪನ್ಯಾಸ ನಡೆದ ತರಗತಿಗಳಲ್ಲಿ ಸರಾಸರಿ ಶೇ. 33.8 ಮಂದಿ ಅನುತ್ತೀರ್ಣರಾಗಿದ್ದರು; ವಿದ್ಯಾರ್ಥಿಗಳು ತಾವೇ ಚರ್ಚಿಸಿ, ಬಿಡಿಸಿ, ಉತ್ತರಿಸುವ ತರಗತಿಗಳಲ್ಲಿ ಶೇ. 21.8. ಅದು ನಮ್ಮ ವಿಷಯವಲ್ಲ, ಭೌತಶಾಸ್ತ್ರ ಮತ್ತು ಜೀವಶಾಸ್ತ್ರದವರ ಮಾತು ಎನ್ನುವವರಿಗೆ ಇನ್ನೊಂದು ಲೆಕ್ಕವಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕ್ಯಾಂಪಸ್ಸಿನ ನಾಲ್ಕು ಕಂಪ್ಯೂಟರ್ ವಿಜ್ಞಾನ ಕೋರ್ಸ್‌ಗಳನ್ನು ಹತ್ತು ವರ್ಷಗಳ ಅವಧಿಯಲ್ಲಿ ನೋಡಿ 2013ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಸಹಪಾಠಿಗಳ ಚರ್ಚೆಯನ್ನು ತರಗತಿಯೊಳಗೆ ತಂದ ಮೇಲೆ ಅನುತ್ತೀರ್ಣರ ಪ್ರಮಾಣ ಸರಾಸರಿ ಶೇ. 20ರಿಂದ 7ಕ್ಕೆ ಇಳಿದಿತ್ತು.

ಆ ಕೋರ್ಸ್‌ಗಳಲ್ಲಿ ಬಳಸಿದ ವಿಧಾನವನ್ನು ರೂಪಿಸಿದವರು ಹಾರ್ವರ್ಡ್‌ನ ಭೌತಶಾಸ್ತ್ರಜ್ಞ ಎರಿಕ್ ಮಜೂರ್, 1991ರಲ್ಲಿ. ಅಧ್ಯಾಪಕರು ಒಂದು ಪ್ರಶ್ನೆ ಹಾಕುತ್ತಾರೆ, ನಾಲ್ಕು ಆಯ್ಕೆ ಕೊಡುತ್ತಾರೆ. ಪ್ರತಿಯೊಬ್ಬರೂ ಮಾತನಾಡದೆ ತಮ್ಮ ಉತ್ತರ ಕೊಡಬೇಕು. ಸರಿ ಉತ್ತರ ಕೊಟ್ಟವರು ಶೇ. 30ಕ್ಕಿಂತ ಕಡಿಮೆ ಇದ್ದರೆ ಚರ್ಚೆಗೆ ಬಿಡದೆ ಅಧ್ಯಾಪಕರು ಮತ್ತೆ ವಿವರಿಸುತ್ತಾರೆ. ಶೇ. 70ಕ್ಕಿಂತ ಹೆಚ್ಚಿದ್ದರೆ ಮುಂದಕ್ಕೆ ಹೋಗುತ್ತಾರೆ. ನಡುವೆ ಇದ್ದರೆ ಮಾತ್ರ ಪಕ್ಕದವರನ್ನು ಒಪ್ಪಿಸಿ ಎಂದು ಬಿಡುತ್ತಾರೆ, ಆಮೇಲೆ ಎರಡನೆಯ ಬಾರಿ ಉತ್ತರ ಪಡೆಯುತ್ತಾರೆ. ಗಮನಿಸಿ, ಪರಸ್ಪರ ಕಲಿಕೆಯ ಅತ್ಯಂತ ಪ್ರಸಿದ್ಧ ವಿಧಾನದೊಳಗೇ ಇಂಥ ಗಳಿಗೆಯಲ್ಲಿ ಅಧ್ಯಾಪಕರೇ ಮಾತನಾಡಬೇಕು ಎಂಬ ನಿಯಮವಿದೆ.

ನಮ್ಮ ಕೆಲಸದಿಂದ ಒಂದು ಪ್ರಶ್ನೆ ತೆಗೆದುಕೊಳ್ಳಿ. ಪೈಥಾನ್‌ನಲ್ಲಿ (ಅದೊಂದು ಪ್ರೋಗ್ರಾಮಿಂಗ್ ಭಾಷೆ) ‘ಎ’ ಎಂಬ ಹೆಸರಿಗೆ ಮೂರು ಅಂಕಿಗಳ ಒಂದು ಪಟ್ಟಿ ಕೊಟ್ಟಿದ್ದೇವೆ. ಮುಂದಿನ ಸಾಲಿನಲ್ಲಿ ‘ಬಿ’ಗೆ ‘ಎ’ಯನ್ನೇ ಕೊಟ್ಟಿದ್ದೇವೆ. ಅದರ ಮುಂದಿನ ಸಾಲಿನಲ್ಲಿ ‘ಬಿ’ಗೆ ನಾಲ್ಕನೆಯ ಅಂಕಿಯೊಂದನ್ನು ಸೇರಿಸಿದ್ದೇವೆ. ಈಗ ‘ಎ’ಯಲ್ಲಿ ಎಷ್ಟು ಅಂಕಿಗಳಿವೆ? ಮೂರು ಎನ್ನುವವರಿಗೆ ‘ಬಿ’ ಒಂದು ನಕಲು. ನಾಲ್ಕು ಎನ್ನುವವರಿಗೆ ಒಂದೇ ಪಟ್ಟಿಗೆ ಎರಡು ಹೆಸರು. ನಾನು ಕಂಡ ತಂಡಗಳಲ್ಲೆಲ್ಲ ಕೋಣೆ ಸರಿಸುಮಾರು ಎರಡು ಪಾಲಾಗುತ್ತದೆ, ಮತ್ತು ಎರಡೂ ಕಡೆಯವರಿಗೆ ತಮ್ಮ ಉತ್ತರದಲ್ಲಿ ಪೂರ್ಣ ನಂಬಿಕೆ ಇರುತ್ತದೆ. ಐದು ನಿಮಿಷ ಬಿಟ್ಟುಬಿಡಿ. ಕಾಗದದ ಮೇಲೆ ಚೌಕ ಬರೆಯುತ್ತಾರೆ, ಬಾಣ ಎಳೆಯುತ್ತಾರೆ, ಅಳಿಸುತ್ತಾರೆ, ದನಿ ಏರಿಸುತ್ತಾರೆ. ಕೊನೆಗೆ ಯಾರೋ ಒಬ್ಬರು ಪ್ರೋಗ್ರಾಂ ಓಡಿಸಿ ತೋರಿಸುತ್ತಾರೆ. ನಾಲ್ಕು. ವಾದ ಮುಗಿಯಿತು. ನನ್ನ ಉಪನ್ಯಾಸ ಅಲ್ಲಿಗೆ ಬೇಕಾಗಿಯೇ ಇಲ್ಲ, ಏಕೆಂದರೆ ತೀರ್ಪು ಹೇಳಲು ಯಂತ್ರ ಇತ್ತು.

ಜೊತೆಗಾರರಲ್ಲಿ ಯಾರಿಗೂ ಉತ್ತರ ಗೊತ್ತಿಲ್ಲದಿದ್ದರೆ ಚರ್ಚೆಯಿಂದ ಏನು ಬಂತು, ಅಜ್ಞಾನವನ್ನೇ ಹಂಚಿಕೊಂಡಂತೆ ಆಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. 2009ರಲ್ಲಿ ಮಿಶೆಲ್ ಸ್ಮಿತ್ ಮತ್ತು ಸಂಗಡಿಗರು ತಳಿಶಾಸ್ತ್ರದ ತರಗತಿಯೊಂದರಲ್ಲಿ ಇದನ್ನೇ ಪರೀಕ್ಷಿಸಿದರು. ಗುಂಪಿನಲ್ಲಿ ಮೊದಲಿಗೆ ಒಬ್ಬರಿಗೂ ಸರಿ ಉತ್ತರ ಗೊತ್ತಿಲ್ಲದಿದ್ದಾಗಲೂ ಚರ್ಚೆಯ ನಂತರ ಅದೇ ಬಗೆಯ ಹೊಸ ಪ್ರಶ್ನೆಗೆ ಹೆಚ್ಚು ಮಂದಿ ಸರಿಯಾಗಿ ಉತ್ತರಿಸಿದರು. ನನ್ನ ನಿಲುವಿಗೆ ಇದು ಎದುರು ನಿಲ್ಲುವಂತೆ ಕಾಣುತ್ತದೆ. ಆದರೆ ಆ ಪ್ರಶ್ನೆಯನ್ನು ಆರಿಸಿದವರು ಯಾರು? ಕಲಿಯುವವರು ಎಲ್ಲಿ ಎಡವುತ್ತಾರೆ ಎಂದು ಬಲ್ಲ ಅಧ್ಯಾಪಕರು. ತಪ್ಪು ಆಯ್ಕೆಗಳನ್ನು ಜೋಡಿಸಿದವರೂ ಅವರೇ. ಬಲ್ಲವರು ಆ ಚರ್ಚೆಯಲ್ಲಿ ಪ್ರಶ್ನೆಯ ರೂಪದಲ್ಲಿ ಹಾಜರಿದ್ದರು. ಎರಡು ವರ್ಷಗಳ ನಂತರ ಅವರದೇ ತಂಡ, ಚರ್ಚೆಯ ಬೆನ್ನಿಗೇ ಅಧ್ಯಾಪಕರ ವಿವರಣೆಯೂ ಬಂದಾಗ ಕಲಿಕೆ ಎಲ್ಲಕ್ಕಿಂತ ಹೆಚ್ಚಾಗಿರುತ್ತದೆ ಎಂದು ತೋರಿಸಿತು.

ಯಂತ್ರ ಅರ್ಧ ಮಾತ್ರ ಹೇಳಿ ಸುಮ್ಮನಾಗುವ ಒಂದು ಉದಾಹರಣೆಯನ್ನು ನಮ್ಮ ಊರಿನಿಂದಲೇ ಕೊಡುತ್ತೇನೆ. ಹೊಸಬರಿಗೆ ನಾನು ಕೊಡುವ ಅಭ್ಯಾಸಗಳಲ್ಲಿ ಸಹಕಾರಿ ಸಂಘವೊಂದರ ಸದಸ್ಯರ ಹೆಸರು, ವಿಳಾಸ ಸೇರಿಸುವ ಮತ್ತು ಹುಡುಕುವ ಪುಟ್ಟ ಅಪ್ಲಿಕೇಶನ್ ಒಂದು. ಇಬ್ಬಿಬ್ಬರಾಗಿ ಕುಳಿತು ಬರೆಯಬೇಕು. ಬಹುತೇಕ ಎಲ್ಲ ಜೋಡಿಗಳೂ ಬಳಕೆದಾರ ಟೈಪ್ ಮಾಡಿದ ಹೆಸರನ್ನು ಎಸ್‌ಕ್ಯೂಎಲ್ (ಡೇಟಾಬೇಸಿಗೆ ಆದೇಶ ಕೊಡುವ ಭಾಷೆ) ವಾಕ್ಯದ ನಡುವೆ ನೇರವಾಗಿ ಅಂಟಿಸಿಬಿಡುತ್ತಾರೆ. ಶೆಟ್ಟಿ, ರೈ, ಭಟ್, ಬಂಗೇರ, ಶೇಕ್ ಎಲ್ಲರೂ ಸಲೀಸಾಗಿ ಸೇರುತ್ತಾರೆ. ಆಗ ನಾನು ಇಷ್ಟೇ ಕೇಳುತ್ತೇನೆ: ಮಂಗಳೂರಿನ ಸಂಘದ ಪಟ್ಟಿಯಲ್ಲಿ ಡಿಸೋಜ ಇರುವುದಿಲ್ಲವೇ? ಇಂಗ್ಲಿಷಿನಲ್ಲಿ ಆ ಹೆಸರನ್ನು ಬರೆಯುವಾಗ ಡಿ ಅಕ್ಷರದ ನಂತರ ಒಂದು ಅಪಾಸ್ಟ್ರಫಿ ಬರುತ್ತದೆ. ಅದನ್ನು ಟೈಪ್ ಮಾಡಿದ ಕೂಡಲೇ ಪ್ರೋಗ್ರಾಂ ಮುರಿದು ಬೀಳುತ್ತದೆ. ಆ ಚಿಹ್ನೆಯನ್ನು ಕಂಡ ಡೇಟಾಬೇಸ್, ಹೆಸರು ಇಲ್ಲಿಗೆ ಮುಗಿಯಿತು ಎಂದುಕೊಂಡು ಉಳಿದ ಅಕ್ಷರಗಳನ್ನು ಆದೇಶ ಎಂದು ಓದುತ್ತದೆ. ಡಿಸಿಲ್ವ, ಡಿಕುನ್ಹ, ಡಿಮೆಲ್ಲೊ ಎಲ್ಲರಿಗೂ ಇದೇ ಗತಿ.

ಇಲ್ಲಿಯವರೆಗೆ ಯಂತ್ರ ಮಾತನಾಡಿತು. ಜೋಡಿಗಳು ತಲೆ ಕೆಡಿಸಿಕೊಂಡು ಪರಿಹಾರ ಹುಡುಕುತ್ತಾರೆ. ಕೆಲವರು ಅಪಾಸ್ಟ್ರಫಿಯನ್ನು ಅಳಿಸಿಹಾಕುವ ಕೋಡ್ ಬರೆಯುತ್ತಾರೆ. ಕೆಲವರು ಅದರ ಜಾಗದಲ್ಲಿ ಖಾಲಿ ಜಾಗ ಬಿಡುತ್ತಾರೆ. ದೋಷ ಮಾಯವಾಗುತ್ತದೆ, ಟೆಸ್ಟ್ ಮತ್ತೆ ಹಸಿರಾಗುತ್ತದೆ, ಪಕ್ಕದ ಜೋಡಿಯೂ ಅದನ್ನೇ ನೋಡಿ ಕಲಿಯುತ್ತದೆ. ಒಬ್ಬ ಮನುಷ್ಯನ ಹೆಸರನ್ನು ಅವನ ಅನುಮತಿಯಿಲ್ಲದೆ ತಿದ್ದಿದ್ದೇವೆ ಎಂಬುದೂ ಹೊಳೆಯುವುದಿಲ್ಲ, ಕಳ್ಳರಿಗೆ ಬಾಗಿಲು ಇನ್ನೂ ತೆರೆದೇ ಇದೆ ಎಂಬುದೂ ಹೊಳೆಯುವುದಿಲ್ಲ. ಸದಸ್ಯ ಸಂಖ್ಯೆಯಿಂದ ಹುಡುಕುವ ಪೆಟ್ಟಿಗೆಯಲ್ಲಿ ಅಪಾಸ್ಟ್ರಫಿಯ ಅಗತ್ಯವೇ ಇಲ್ಲದೆ, ಯಾವಾಗಲೂ ನಿಜವಾಗುವ ಒಂದು ಷರತ್ತನ್ನು ಟೈಪ್ ಮಾಡಿ ನಾನು ಎಂಟರ್ ಒತ್ತುತ್ತೇನೆ. ಸಂಘದ ಎಲ್ಲ ಸದಸ್ಯರ ವಿವರವೂ ಪರದೆಯ ಮೇಲೆ ಇಳಿದು ಬರುತ್ತದೆ. ಆ ಕ್ಷಣದಲ್ಲಿ ಕೋಣೆಯೊಳಗೆ ಯಾರೂ ಮೊಬೈಲ್ ನೋಡುತ್ತಿರುವುದಿಲ್ಲ.

ಉಪನ್ಯಾಸದ ಗಳಿಗೆ ಅದು. ಹತ್ತು ನಿಮಿಷ ಸಾಕು. ಆದೇಶವನ್ನೂ ಮಾಹಿತಿಯನ್ನೂ ಬೇರೆ ಬೇರೆಯಾಗಿ ಡೇಟಾಬೇಸಿಗೆ ಕಳುಹಿಸಬೇಕು, ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಇರುವುದು ಅದಕ್ಕಾಗಿ, ಹೀಗೆ ಕಳುಹಿಸಿದರೆ ಡಿಸೋಜರ ಹೆಸರೂ ಉಳಿಯುತ್ತದೆ, ಬಾಗಿಲೂ ಮುಚ್ಚುತ್ತದೆ ಎಂದು ಹೇಳುತ್ತೇನೆ. ಇದೇ ಹತ್ತು ನಿಮಿಷವನ್ನು ಬೆಳಗ್ಗೆ ಒಂಬತ್ತಕ್ಕೆ ಸ್ಲೈಡ್ ಹಾಕಿ ಹೇಳಿದ್ದರೆ ಬರೆದುಕೊಳ್ಳುತ್ತಿದ್ದರು, ಅಷ್ಟೇ. ಎಸ್‌ಕ್ಯೂಎಲ್ ಇಂಜೆಕ್ಷನ್ ಎಂಬ ಈ ದಾಳಿಯ ವಿವರ 1998ರಿಂದಲೇ ಬಹಿರಂಗವಾಗಿದೆ. ವೆಬ್ ಸುರಕ್ಷತೆಯ ಅಪಾಯಗಳನ್ನು ಪಟ್ಟಿ ಮಾಡುವ ಓವಾಸ್ಪ್ ಸಂಸ್ಥೆಯ 2010, 2013 ಮತ್ತು 2017ರ ಪಟ್ಟಿಗಳಲ್ಲಿ ಈ ಬಗೆಯ ದೋಷಗಳಿಗೇ ಮೊದಲ ಸ್ಥಾನ, 2021ರಲ್ಲಿ ಮೂರನೆಯದು. ಹೇಳಿದ ಮಾತ್ರಕ್ಕೆ ಹೋಗುವ ತಪ್ಪಾಗಿದ್ದರೆ ಇದು ಎಂದೋ ಹೋಗಬೇಕಿತ್ತು.

ಹೇಳುವುದಕ್ಕೂ ಒಂದು ಹೊತ್ತಿದೆ ಎಂಬುದನ್ನು 1998ರಲ್ಲಿ ಡೇನಿಯಲ್ ಶ್ವಾರ್ಟ್ಜ್ ಮತ್ತು ಜಾನ್ ಬ್ರಾನ್ಸ್‌ಫರ್ಡ್ ಮನಶ್ಶಾಸ್ತ್ರದ ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದರು. ಒಂದು ಗುಂಪು ಪಠ್ಯವನ್ನು ಓದಿ ಸಾರಾಂಶ ಬರೆದು ಉಪನ್ಯಾಸ ಕೇಳಿತು. ಇನ್ನೊಂದು ಗುಂಪು ಪ್ರಯೋಗಗಳ ಅಂಕಿ ಅಂಶಗಳನ್ನು ಹೋಲಿಸಿ ತಾನೇ ಏನಾದರೂ ಕಾಣುತ್ತದೆಯೇ ಎಂದು ಹುಡುಕಿ, ಆಮೇಲೆ ಅದೇ ಉಪನ್ಯಾಸ ಕೇಳಿತು. ಮೂರನೆಯದು ಬರೀ ಹುಡುಕಿತು, ಉಪನ್ಯಾಸ ಕೇಳಲಿಲ್ಲ. ಹೊಸ ಸನ್ನಿವೇಶದಲ್ಲಿ ಏನಾಗುತ್ತದೆ ಎಂದು ಊಹಿಸುವುದರಲ್ಲಿ ಮುಂದಿದ್ದದ್ದು ಎರಡನೆಯ ಗುಂಪು. ಹುಡುಕಾಟವೊಂದೇ ಆಗಲಿ, ಉಪನ್ಯಾಸವೊಂದೇ ಆಗಲಿ ಆ ಕೆಲಸ ಮಾಡಲಿಲ್ಲ.

ಹಾಗೆಂದು ಎಲ್ಲವನ್ನೂ ಹುಡುಕಾಟದಿಂದಲೇ ಆರಂಭಿಸಿ ಎನ್ನುವುದಿಲ್ಲ. ಕೋಡಿನಲ್ಲಿ ಮಾಡಿದ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಕಮಿಟ್ (ಬದಲಾವಣೆಯೊಂದನ್ನು ದಾಖಲಿಸುವುದು) ಎಂದರೇನು ಎಂದೇ ತಿಳಿಯದ ಇಬ್ಬರನ್ನು ಮರ್ಜ್ ಕಾನ್‌ಫ್ಲಿಕ್ಟ್ (ಇಬ್ಬರ ಬದಲಾವಣೆಗಳು ಒಂದೇ ಜಾಗದಲ್ಲಿ ಡಿಕ್ಕಿ ಹೊಡೆಯುವುದು) ಮುಂದೆ ಕೂರಿಸಿದರೆ ಅವರು ಫೋಲ್ಡರ್ ಅಳಿಸಿ ಮತ್ತೆ ಕ್ಲೋನ್ ಮಾಡುತ್ತಾರೆ, ಅಂದರೆ ಹೊಸ ಪ್ರತಿ ಇಳಿಸಿಕೊಳ್ಳುತ್ತಾರೆ. ಯಂತ್ರ ಅಲ್ಲಿಯೂ ಮಾತನಾಡುತ್ತದೆ, ಆದರೆ ಅದರ ಮಾತು ಓದಲು ಅವರಿಗೆ ಇನ್ನೂ ಬಾರದು. 1985ರಲ್ಲಿ ಜಾನ್ ಸ್ವೆಲ್ಲರ್ ಮತ್ತು ಗ್ರಹಾಂ ಕೂಪರ್ ಬೀಜಗಣಿತದಲ್ಲಿ ಕಂಡುಕೊಂಡದ್ದು ಇಲ್ಲಿಗೂ ಸಲ್ಲುತ್ತದೆ: ತೀರ ಹೊಸಬರು ತಾವಾಗಿ ಲೆಕ್ಕ ಬಿಡಿಸಲು ಒದ್ದಾಡುವುದಕ್ಕಿಂತ, ಹಂತ ಹಂತವಾಗಿ ಬಿಡಿಸಿ ತೋರಿಸಿದ ಲೆಕ್ಕಗಳನ್ನು ನೋಡಿ ಬೇಗ ಕಲಿಯುತ್ತಾರೆ. ಮುಂದೆ ಅನುಭವ ಬಂದಂತೆ ಅದೇ ಬಿಡಿಸಿದ ಲೆಕ್ಕಗಳು ಅಡ್ಡಿಯಾಗುತ್ತವೆ ಎಂಬುದೂ ಸಿದ್ಧವಾಗಿದೆ. ಆದ್ದರಿಂದ ಮೊದಲ ದಿನ ಗಿಟ್ ತೋರಿಸಿ ಕೊಡಿ, ನಿಮ್ಮ ಪರದೆಯ ಮೇಲೆ, ನಿಧಾನವಾಗಿ, ಪ್ರತಿ ಆದೇಶಕ್ಕೂ ಕಾರಣ ಹೇಳುತ್ತಾ. ಎರಡನೆಯ ವಾರದಿಂದ ಅವರೇ ಮಾಡಲು ಬಿಡಿ.

ಈಗ ನನಗೆ ಹೆಚ್ಚು ಮುಖ್ಯವೆನಿಸುವ, ಪುಸ್ತಕಗಳಲ್ಲಿ ಅಷ್ಟಾಗಿ ಸಿಗದ ಒಂದು ಮಾತು. ದಕ್ಷಿಣ ಕನ್ನಡ, ಉಡುಪಿ ಎಂಬ ನಮ್ಮ ಎರಡು ಜಿಲ್ಲೆಗಳ ಹೊಸಬರು ಮನೆಯಲ್ಲಿ ತುಳು ಆಡುತ್ತಾರೆ, ಕೊಂಕಣಿ ಆಡುತ್ತಾರೆ, ಬ್ಯಾರಿ ಆಡುತ್ತಾರೆ, ಕುಂದಾಪುರ ಕನ್ನಡ, ಹವ್ಯಕ ಕನ್ನಡ ಆಡುತ್ತಾರೆ. ತರಬೇತಿ ಕೋಣೆಯಲ್ಲಿ ಮಾತ್ರ ಇಂಗ್ಲಿಷ್. ಬೆಳ್ತಂಗಡಿ ಕಡೆಯ ಒಬ್ಬ ಹುಡುಗಿ ಉಪನ್ಯಾಸದ ಉದ್ದಕ್ಕೂ ಒಂದು ಪ್ರಶ್ನೆ ಕೇಳಿರಲಿಲ್ಲ, ಉತ್ತರಿಸಿರಲಿಲ್ಲ. ಅವಳ ಮುಖ ನೋಡಿ ಏನೂ ಅರ್ಥವಾಗಿಲ್ಲ ಎಂದೇ ಎಲ್ಲರೂ ತಿಳಿದಿದ್ದರು. ಇಬ್ಬಿಬ್ಬರಾಗಿ ಕೂರಿಸಿದ ಮಧ್ಯಾಹ್ನ, ಎರಡು ಥ್ರೆಡ್‌ಗಳು (ಪ್ರೋಗ್ರಾಂ ಏಕಕಾಲಕ್ಕೆ ನಡೆಸುವ ಕೆಲಸಗಳು) ಒಂದನ್ನೊಂದು ಕಾಯುತ್ತಾ ನಿಂತುಬಿಡುವುದು ಹೇಗೆ ಎಂದು ಅವಳು ಪಕ್ಕದವಳಿಗೆ ತುಳುವಿನಲ್ಲಿ ವಿವರಿಸುತ್ತಿದ್ದಳು. ಥ್ರೆಡ್, ಲಾಕ್, ರಿಲೀಸ್ ಎಂಬ ಪದಗಳು ಮಾತ್ರ ಇಂಗ್ಲಿಷ್. ಕಾಯುವುದು, ಹಿಡಿದುಕೊಳ್ಳುವುದು, ಬಿಟ್ಟುಕೊಡುವುದು ಎಲ್ಲವೂ ತುಳು. ಅಷ್ಟು ಸ್ಪಷ್ಟವಾದ ವಿವರಣೆ ಆ ದಿನದ ಯಾವ ಸ್ಲೈಡ್‌ನಲ್ಲೂ ಇರಲಿಲ್ಲ. ಉಪನ್ಯಾಸ ಅವಳಿಗೆ ತಿಳಿವಳಿಕೆ ಕೊಟ್ಟಿತ್ತು, ನಿಜ. ಆದರೆ ಅವಳಲ್ಲಿ ಆ ತಿಳಿವಳಿಕೆ ಇದೆ ಎಂದು ನಮಗೆ ತಿಳಿಸಿದ್ದು ಜೊತೆಗಾತಿಯೊಡನೆ ನಡೆದ ಮಾತು.

ಆದ್ದರಿಂದ ತರಬೇತಿ ಕೋಣೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೇನೂ ಆಡಬಾರದು ಎಂಬ ಫಲಕ ನಿಮ್ಮ ಗೋಡೆಯ ಮೇಲಿದ್ದರೆ ದಯವಿಟ್ಟು ತೆಗೆಯಿರಿ. ಕ್ಲೈಂಟ್ ಜೊತೆ ಇಂಗ್ಲಿಷಿನಲ್ಲಿ ಮಾತನಾಡಲು ಕಲಿಸುವುದು ಬೇರೆ ಪಾಠ, ಅದಕ್ಕೆ ಬೇರೆ ಸಮಯ ಇಡಿ. ಇದರಲ್ಲಿ ತೊಡಕೂ ಇದೆ, ಅದನ್ನು ಮರೆಯಬಾರದು. ನಾಲ್ವರ ಗುಂಪಿನಲ್ಲಿ ಮೂವರು ತುಳುವರಿದ್ದು ನಾಲ್ಕನೆಯವನು ಕಲಬುರಗಿಯಿಂದಲೋ ಒಡಿಶಾದಿಂದಲೋ ಬಂದವನಾಗಿದ್ದರೆ, ಅವನ ಪಾಲಿಗೆ ಆ ಚರ್ಚೆ ಮುಚ್ಚಿದ ಬಾಗಿಲು. ಜೋಡಿಗಳನ್ನು ಮಾಡುವಾಗ ಇದನ್ನು ನೋಡಿಕೊಳ್ಳುವುದು ತರಬೇತುದಾರರ ಕೆಲಸ. ಇಬ್ಬರಿಗೂ ಸಲೀಸಾದ ಭಾಷೆ ಯಾವುದು ಎಂದು ಅವರನ್ನೇ ಕೇಳಿ ಜೋಡಿ ಮಾಡಿ. ಕೋಡ್ ಮತ್ತು ಟಿಪ್ಪಣಿ ಮಾತ್ರ ಎಲ್ಲರಿಗೂ ಓದಲು ಬರುವಂತೆ ಇಂಗ್ಲಿಷಿನಲ್ಲಿರಲಿ.

ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ಪರಸ್ಪರ ಕಲಿಕೆ ಸಿಲಿಕಾನ್ ವ್ಯಾಲಿಯಿಂದ ಬಂದದ್ದೆಂದು ನಮ್ಮ ಕಂಪನಿಗಳಲ್ಲಿ ಹಲವರು ನಂಬಿದ್ದಾರೆ. ಆದರೆ ಅದು ನಮ್ಮಲ್ಲೇ ಹಳೆಯದು. 1822ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ಪ್ರಾಂತ್ಯದ ಶಾಲೆಗಳ ಸಮೀಕ್ಷೆಗೆ ಆದೇಶಿಸಿದಾಗ, ಮರುವರ್ಷ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ಉತ್ತರ ಬರೆದರು. ಅವರ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು. ಮುಂದುವರಿದ ಮಕ್ಕಳು ಹಿಂದಿನವರಿಗೆ ಕಲಿಸುತ್ತಾರೆ, ಕಲಿಸುತ್ತಾ ತಮ್ಮ ತಿಳಿವಳಿಕೆಯನ್ನೂ ಗಟ್ಟಿ ಮಾಡಿಕೊಳ್ಳುತ್ತಾರೆ, ಈ ಪದ್ಧತಿ ಮೆಚ್ಚತಕ್ಕದ್ದು, ಇಂಗ್ಲೆಂಡ್ ಇದನ್ನು ಅನುಕರಿಸಿದ್ದು ಸರಿಯಾಗಿದೆ ಎಂಬುದು ಅವರ ಅಭಿಪ್ರಾಯ. ಇಂಗ್ಲೆಂಡಿಗೆ ಅದನ್ನು ಒಯ್ದವರು ಆಂಡ್ರ್ಯೂ ಬೆಲ್. ಮದ್ರಾಸಿನ ಎಗ್ಮೋರ್‌ನ ಅನಾಥಾಲಯದಲ್ಲಿದ್ದಾಗ, ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಾ ಕಲಿಯುವುದನ್ನು ಅವರು ಕಂಡಿದ್ದರು. 1797ರಲ್ಲಿ ಆ ಬಗ್ಗೆ ವರದಿ ಪ್ರಕಟಿಸಿದರು.

ಅಲ್ಲಿಂದ ಮುಂದೆ ನಡೆದದ್ದೇ ನಮಗೆ ಎಚ್ಚರಿಕೆ. ಬೆಲ್ ಮತ್ತು ಜೋಸೆಫ್ ಲ್ಯಾಂಕಾಸ್ಟರ್ ಅವರ ಶಾಲೆಗಳು ಇಂಗ್ಲೆಂಡಿನಲ್ಲಿ ಹರಡಲು ದೊಡ್ಡ ಕಾರಣ ಖರ್ಚು ಕಡಿಮೆ ಎಂಬುದು. ಒಬ್ಬ ಮೇಷ್ಟ್ರು, ನೂರಾರು ಹುಡುಗರು, ನಡುವೆ ಹಿರಿಯ ಹುಡುಗರೇ ಮಾನಿಟರ್‌ಗಳು. ಮಾನಿಟರ್‌ಗೆ ಬಂದದ್ದು ಕಂಠಪಾಠ. ಅವನು ಕಲಿಸಿದ್ದೂ ಕಂಠಪಾಠ. ಕೊನೆಗೆ ಆ ಪದ್ಧತಿ ಹಿಂದೆ ಸರಿದು ತರಬೇತಿ ಪಡೆದ ಅಧ್ಯಾಪಕರು ಬಂದರು. ಹಣ ಉಳಿಸಲು ಪರಸ್ಪರ ಕಲಿಕೆಯನ್ನು ತಂದರೆ ಇಂದಿಗೂ ಹೀಗೆಯೇ ಆಗುತ್ತದೆ. ತರಬೇತುದಾರರ ಹುದ್ದೆ ತೆಗೆದು, ಹೊಸಬರನ್ನು ನೇರವಾಗಿ ತಂಡಕ್ಕೆ ಸೇರಿಸಿ, ಇನ್ನು ನೋಡಿ ಕಲಿಯಿರಿ ಎನ್ನುವುದಕ್ಕೆ ಪರಸ್ಪರ ಕಲಿಕೆ ಎಂಬ ಹೆಸರು ಸಲ್ಲದು. ನಿಜವಾದ ಪರಸ್ಪರ ಕಲಿಕೆಗೆ ಬೇಕಾದ ಅನುಭವಿಗಳ ಸಮಯ ಯಾವ ಬಜೆಟ್ಟಿನಲ್ಲೂ ಕಾಣುವುದಿಲ್ಲ, ಆದರೆ ಖರ್ಚಾಗುತ್ತದೆ. ಟೀಮ್ ಲೀಡ್‌ಗೆ ಹೊಸಬರ ಕೋಡ್ ರಿವ್ಯೂ, ಅಂದರೆ ಅವರು ಬರೆದದ್ದನ್ನು ಓದಿ ಅಭಿಪ್ರಾಯ ಹೇಳುವ ಕೆಲಸ, ಒಪ್ಪಿಸಿದರೆ ಅವರ ಬೇರೆ ಕೆಲಸವನ್ನು ಅಷ್ಟರ ಮಟ್ಟಿಗೆ ಇಳಿಸಿ. ಇದನ್ನು ಮ್ಯಾನೇಜರ್‌ಗಳಿಗೆ ಎದುರು ನಿಂತು ಹೇಳಬೇಕಾದವರು ನೀವು.

ಕೋಡ್ ರಿವ್ಯೂ ಬಗ್ಗೆ ಒಂದು ಮಾತು. ತಾಳಮದ್ದಳೆಯಲ್ಲಿ ಎದುರಿನ ಅರ್ಥಧಾರಿ (ಪಾತ್ರದ ಮಾತು ಆಡುವವರು) ಹೀಗೇಕೆ ಎಂದು ಕೇಳಿದಾಗಲೇ ಈ ಕಡೆಯವರ ಓದಿನ ಆಳ ಸಭೆಗೆ ಕಾಣುವುದು. ರಿವ್ಯೂ ಮಾಡುವವರು ಇಲ್ಲಿ ಈ ಸಾಲು ಬದಲಿಸು ಎಂದು ಬರೆದರೆ ಹೊಸಬರು ಬದಲಿಸುತ್ತಾರೆ, ಕಲಿಯುವುದಿಲ್ಲ. ಈ ಪಟ್ಟಿ ಖಾಲಿ ಇದ್ದರೆ ಏನಾಗುತ್ತದೆ ಎಂದು ಕೇಳಿ ಬಿಟ್ಟರೆ ಓಡಿಸಿ ನೋಡುತ್ತಾರೆ. ಪೇರ್ ಪ್ರೋಗ್ರಾಮಿಂಗ್‌ನಲ್ಲಿಯೂ (ಇಬ್ಬರು ಒಂದೇ ಕಂಪ್ಯೂಟರಿನಲ್ಲಿ ಕೋಡ್ ಬರೆಯುವಾಗ) ಕೀಬೋರ್ಡ್ ಯಾವಾಗಲೂ ಕಡಿಮೆ ಬಲ್ಲವರ ಕೈಯಲ್ಲಿರಲಿ.

ಪರಸ್ಪರ ಕಲಿಕೆಗೆ ಬದಲಾದ ಮೇಲೆ ನಿಮ್ಮ ಫೀಡ್‌ಬ್ಯಾಕ್ ಅಂಕ ಇಳಿಯಬಹುದು. ಹೆದರಬೇಡಿ. 2019ರಲ್ಲಿ ಲೂಯಿ ಡೆಲೋರಿಯೆ ಮತ್ತು ಸಂಗಡಿಗರು ಹಾರ್ವರ್ಡ್‌ನ ಭೌತಶಾಸ್ತ್ರ ವಿದ್ಯಾರ್ಥಿಗಳಲ್ಲಿ ಕಂಡದ್ದು ಇದು: ತಾವೇ ಬಿಡಿಸಿದ ತರಗತಿಯಲ್ಲಿ ಅವರು ಹೆಚ್ಚು ಕಲಿತಿದ್ದರು, ಆದರೆ ಕಡಿಮೆ ಕಲಿತೆವು ಎಂದುಕೊಂಡಿದ್ದರು. ಸೊಗಸಾದ ಉಪನ್ಯಾಸ ಕೇಳಿದವರು ಕಡಿಮೆ ಕಲಿತು, ಚೆನ್ನಾಗಿ ಅರ್ಥವಾಯಿತು ಎಂದಿದ್ದರು. ಒದ್ದಾಟವನ್ನು ವಿದ್ಯಾರ್ಥಿಗಳು ತಮ್ಮ ಸೋಲು ಎಂದು ಓದುತ್ತಾರೆ. ಮೊದಲ ದಿನವೇ ಇದನ್ನು ಅವರಿಗೆ ತಿಳಿಸಿಬಿಡಿ, ಮತ್ತು ತಿಂಗಳ ನಂತರ ಅವರು ಬರೆದ ಕೋಡ್ ನೋಡಿ ಅಳೆಯಿರಿ.

ಸಭೆಯಿಂದ ಬಂದ ಒಂದು ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ಒಂದು ಸೆಕ್ಷನ್‌ಗೆ ಅರುವತ್ತು ವಿದ್ಯಾರ್ಥಿಗಳು, ಐವತ್ತು ನಿಮಿಷದ ಅವಧಿ, ಮುಗಿಸಲೇಬೇಕಾದ ಸಿಲಬಸ್. ಮೇಡಂ, ನಾವು ಏನು ಮಾಡುವುದು?

ಉಪನ್ಯಾಸ ಬಿಡಬೇಡಿ, ಅದನ್ನು ತುಂಡು ಮಾಡಿ. ಹನ್ನೆರಡು ನಿಮಿಷ ನೀವು ಮಾತನಾಡಿ, ಒಂದು ಪ್ರಶ್ನೆ ಹಾಕಿ. ಯಂತ್ರೋಪಕರಣ ಏನೂ ಬೇಡ. ಉತ್ತರ ಒಂದಾದರೆ ಒಂದು ಬೆರಳು, ಎರಡಾದರೆ ಎರಡು, ಪಕ್ಕದವರಿಗೆ ಕಾಣದಂತೆ ಎದೆಗೆ ಒತ್ತಿ ಹಿಡಿಯಲಿ. ನಿಂತಲ್ಲಿಂದಲೇ ಲೆಕ್ಕ ಸಿಗುತ್ತದೆ. ಕೋಣೆ ಎರಡಾಗಿ ಒಡೆದಿದ್ದರೆ ಪಕ್ಕದವರೊಡನೆ ವಾದಿಸಲು ಬಿಡಿ. ಒಂದು ಅವಧಿಗೆ ಇಂಥ ಎರಡು ಪ್ರಶ್ನೆಗಳು ಸಾಕು. ಒಳ್ಳೆಯ ಪ್ರಶ್ನೆ ಹುಟ್ಟುವುದು ಹಳೆಯ ಉತ್ತರಪತ್ರಿಕೆಗಳಲ್ಲಿ, ಮಕ್ಕಳು ಮತ್ತೆ ಮತ್ತೆ ಮಾಡುವ ತಪ್ಪುಗಳಲ್ಲಿ. ಅವನ್ನು ಎಸೆಯದೆ ಇಟ್ಟುಕೊಳ್ಳಿ. ಮತ್ತೆ ಲ್ಯಾಬ್ ರೆಕಾರ್ಡ್. ಒಬ್ಬರದನ್ನು ನೋಡಿ ಇನ್ನೊಬ್ಬರು ನಕಲು ಮಾಡುವ ಪುಟಗಳ ನಡುವೆ ಒಂದು ಪುಟವನ್ನು ಬೇರೆಯವರ ಪ್ರೋಗ್ರಾಂನಲ್ಲಿ ತಾನು ಕಂಡ ದೋಷ ಬರೆಯಲು ಮೀಸಲಿಡಿ, ಇಂಟರ್ನಲ್ ಅಂಕಗಳಲ್ಲಿ ಒಂದು ಪಾಲನ್ನು ಆ ಪುಟಕ್ಕೆ ಕೊಡಿ. ಇದಕ್ಕೆ ವಿಶ್ವವಿದ್ಯಾಲಯದ ಅನುಮತಿಗಾಗಿ ಕಾಯಬೇಕಿಲ್ಲ, ಬರುವ ಸೆಮಿಸ್ಟರಿನಿಂದಲೇ ಆರಂಭಿಸಬಹುದು.